ಗಂಟೆ ಯಾವಾಗ ಹೊಡೀಬೇಕು?

ನಮ್ಮ ನೀರಿನ ಟ್ಯಾಂಕಿನ ಗಂಟೆಗೆ ಮನೆಯ ಹೆಂಗಸರು ಹಳೇ ಬಟ್ಟೆ ತುರುಕಿಟ್ಟಿದ್ದರು. ತಪ್ಪು ಅವರದ್ದಲ್ಲ. ಪಂಪು ಚಾಲು ಆದಾಗೆಲ್ಲ ಹೊಡೆದುಕೊಳ್ಳುವ ಗಂಟೆಯನ್ನು ಕೇಳ್ತಾ ಯಾರು ಮಲಗ್ತಾರೆ? ಹೋದ ಏಪ್ರಿಲಿನಲ್ಲಿ ಟ್ಯಾಂಕು ನಿಜವಾಗಿ ತಳ ಕಂಡ ದಿನವೂ ಅದು ಹೊಡೆದಿರಬೇಕು. ನಮಗೆ ಕೇಳಲಿಲ್ಲ.

ನನ್ನದು ಸಾಗರ ತಾಲೂಕಿನ ಆನಂದಪುರದ ಕಡೆ ನಾಲ್ಕು ಎಕರೆ ಖುಷ್ಕಿ. ಮೆಕ್ಕೆಜೋಳ, ಮಳೆ ನಂಬಿದ ಭತ್ತ, ಅರ್ಧ ಎಕರೆ ಶುಂಠಿ. ತೀರ್ಥಹಳ್ಳಿ ತಾಲೂಕಿನ ಆಗುಂಬೆ, ಹೊಸನಗರದ ಹುಲಿಕಲ್ಲಿನ ಮಳೆ ಲೆಕ್ಕ ಪೇಪರಿನಲ್ಲಿ ಓದಿದವರು ನಮಗೆಲ್ಲ ನೀರಿನ ಚಿಂತೆಯೇ ಇಲ್ಲ ಅಂದುಕೊಳ್ತಾರೆ. ಘಟ್ಟದ ಅಂಚು ಬಿಟ್ಟು ಮೂಡಲಿಗೆ ಬಂದ ಹಾಗೆ ಮಳೆ ಇಳೀತದೆ. ಅಷ್ಟು ಮಳೆ ಬೀಳುವ ಕಡೆಯವರೂ ಮಾರ್ಚಿನಲ್ಲಿ ಬಾವಿ ಬಗ್ಗಿ ನೋಡುವವರೇ. 2016ರ ಬರ, 2023ರ ಬರ ಎರಡನ್ನೂ ಕಂಡ ಮೇಲೆ ನಾವು ಮೂರು ಮನೆಯವರು ಸೇರಿ ಒಂದೇ ಬೋರು, ಒಂದೇ ಟ್ಯಾಂಕು ಮಾಡಿಕೊಂಡೆವು. ಟ್ಯಾಂಕು ಎರಡೂವರೆ ಮೀಟರು ಎತ್ತರ, 20,000 ಲೀಟರು ಹಿಡೀತದೆ.

ಮೊದಲು ಫ್ಲೋಟ್ ಸ್ವಿಚ್ ಇತ್ತು. ಪಾಚಿ ಹಿಡಿದು ಸಿಕ್ಕಿಕೊಳ್ತಿತ್ತು. ಮಗ ಶಿವಮೊಗ್ಗದಲ್ಲಿ ಕೆಲಸ ಮಾಡುವ ಕಡೆಯಿಂದ ಒಂದು ಹಳೇ ಅಲ್ಟ್ರಾಸಾನಿಕ್ ಯಂತ್ರ ತಂದ. ಅದು ಟ್ಯಾಂಕಿನ ಮೇಲೆ ಕೂತು ನಮ್ಮ ಕಿವಿಗೆ ಕೇಳದ ಶಬ್ದ ಬಿಡ್ತದೆ. ಶಬ್ದ ನೀರಿಗೆ ಬಡಿದು ವಾಪಸು ಬರುವ ಹೊತ್ತು ಲೆಕ್ಕ ಹಾಕಿ ನೀರು ಎಷ್ಟು ದೂರದಲ್ಲಿದೆ ಅಂತ ಹೇಳ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಓಡುವುದರಿಂದ ಇದು ಕಣ್ಣು ಮಿಟುಕಿಸುವುದರೊಳಗಿನ ಕೆಲಸ. ನೀರನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಪಾಚಿ ಕಾಟ ಇಲ್ಲ. ಒಳಗೆ ನಾಲ್ಕು ರಿಲೇ ಇವೆ. ಯಾವ ಮಟ್ಟಕ್ಕೆ ಯಾವ ರಿಲೇ ಕೂಡಬೇಕು, ಯಾವಾಗ ಬಿಡಬೇಕು ಅಂತ ನಾವು ಹೇಳಿಕೊಡಬೇಕು. ತೊಂದರೆ ಆದದ್ದು ಅಲ್ಲೇ.

ಜೋಡಿಸಲು ಬಂದವನು ಒಂದೇ ರಿಲೇಗೆ ಪಂಪನ್ನೂ ಗಂಟೆಯನ್ನೂ ಕಟ್ಟಿ ಹೋದ. ಚಾಲು ಮಟ್ಟಕ್ಕೂ ಬಂದ್ ಮಟ್ಟಕ್ಕೂ 5 ಸೆಂಟಿಮೀಟರು ಅಂತರ ಇಟ್ಟಿದ್ದ. ಯಂತ್ರವನ್ನು ಪೈಪಿನ ನೀರು ಬೀಳುವ ಜಾಗದ ಮೇಲೇ ಕೂರಿಸಿದ್ದ. ಅಲ್ಲಿ ಅಲೆಯೇ ಅಷ್ಟು ಏಳ್ತದೆ. ಅಲೆ ಎದ್ದರೆ ಬಂದ್, ಇಳಿದರೆ ಚಾಲು. ಮೋಟರು ಏಳುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೀತದೆ, ಅದರ ಬಿಸಿ ಆರಲು ಹೊತ್ತು ಬೇಕು. ಒಂದು ರಾತ್ರಿ ಮೋಟರು ಸುಟ್ಟಿತು. ಬೆಳಿಗ್ಗೆ ಎಂದಿನಂತೆ ಡ್ರಿಪ್ ಬಿಟ್ಟೆವು, ಮಧ್ಯಾಹ್ನಕ್ಕೆ ಟ್ಯಾಂಕು ಖಾಲಿ. ಮೋಟರು ಮೇಲೆತ್ತಿ ವೈಂಡಿಂಗ್ ಮಾಡಿಸಿ ಇಳಿಸುವ ಹೊತ್ತಿಗೆ ನಾಲ್ಕು ದಿನ. ದನಕ್ಕೆ ನೀರು ಗಾಡಿಯಲ್ಲಿ ತಂದೆವು. ಪಕ್ಕದ ಮನೆಯವರ ಒಂದು ವರ್ಷದ ಅಡಿಕೆ ಸಸಿ ಕೆಲವು ಒಣಗಿದವು, ಅವರು ನನ್ನ ಹತ್ತಿರ ಮಾತು ಬಿಟ್ಟರು. ಯಂತ್ರ ತಂದದ್ದು ನನ್ನ ಮಗನಲ್ಲವೇ!

ನಾನು ಓದಿದ್ದು ಏಳನೇ ಕ್ಲಾಸು. ಮಗನನ್ನು ಕೂರಿಸಿಕೊಂಡು ಯಂತ್ರದ ಪುಸ್ತಕ ಓದಿಸಿ, ಒಂದೊಂದೇ ಮಟ್ಟ ಬದಲಿಸಿ ನೋಡಿದೆವು. ಆಗ ಹೊಳೆದದ್ದು ಇಷ್ಟು: ನಾವು ಏನಾದರೂ ಮಾಡಲು ಇನ್ನೂ ಹೊತ್ತಿರುವಾಗ ಗಂಟೆ ಹೊಡೀಬೇಕು. ಮಾಡುವುದೇನೂ ಇಲ್ಲದಾಗ ಹೊಡೀಬಾರದು. ಲಿಂಗನಮಕ್ಕಿ ಅಣೆಕಟ್ಟಿನ ಪೂರ್ಣ ಮಟ್ಟ 1819 ಅಡಿ ಅಂತ ಸಾಗರದ ಮಕ್ಕಳಿಗೂ ಗೊತ್ತು. ನೀರು ಅಲ್ಲಿಗೆ ಮುಟ್ಟಿದ ಮೇಲೆ ಶರಾವತಿ ದಂಡೆಯವರಿಗೆ ಹೇಳಿದರೆ ಏನು ಬಂತು? ಕೆಲವು ಅಡಿ ಬಾಕಿ ಇರುವಾಗಲೇ ಹೇಳ್ತಾರೆ. ಹಾಗಂತ ಜೂನ್ ತಿಂಗಳಿಂದ ದಿನಾ ಹೇಳಿದರೆ ಯಾರೂ ಜಾಗ ಬಿಟ್ಟು ಏಳೋದಿಲ್ಲ. ಮಾಳದಲ್ಲಿ ಕೂತು ಹಂದಿ ಕಾಯುವವನೂ ಎಲೆ ಅಲ್ಲಾಡಿದ್ದಕ್ಕೆಲ್ಲ ಕೂಗಿದರೆ ಹಂದಿ ಬಂದ ದಿನ ಊರು ಏಳೋದಿಲ್ಲ.

ಈಗ ನಮ್ಮದು ಹೀಗಿದೆ. ಪಂಪು 1.6 ಮೀಟರಿಗೆ ಇಳಿದಾಗ ಚಾಲು, 2.1 ಮೀಟರಿಗೆ ಬಂದ್. ನಡುವೆ ಅರ್ಧ ಮೀಟರು ಅಂದರೆ 4,000 ಲೀಟರು, ಮೋಟರಿಗೆ ಒಂದೇ ಸಲ ಅರ್ಧ ತಾಸಿನ ಓಟ. ಚಾಲು ಮಟ್ಟ ಇಷ್ಟು ಮೇಲೆ ಯಾಕೆ ಅಂತ ಮಗನೂ ಕೇಳಿದ. ಕಾರ್ಖಾನೆಯಲ್ಲಿ ಇಡೀ ದಿನ ಕರೆಂಟು ಇರ್ತದೆ, ನೀರು ಕಾಲು ಟ್ಯಾಂಕಿಗೆ ಇಳಿದ ಮೇಲೆ ಪಂಪು ಎದ್ದರೂ ನಡೀತದೆ. ನಮಗೆ ತ್ರೀಫೇಸ್ ಏಳು ತಾಸು ಅಂತ ಲೆಕ್ಕ. ಕರೆಂಟು ಹೋಗುವ ಹೊತ್ತಿಗೆ ನೀರು ಚಾಲು ಮಟ್ಟಕ್ಕಿಂತ ಒಂದು ಗೇಣು ಮೇಲಿದ್ದರೆ ಪಂಪು ಏಳಲೇ ಇಲ್ಲ, ಮತ್ತೆ ಮಾರನೇ ಪಾಳಿಯವರೆಗೆ ಕಾಯಬೇಕು. ಇದು ಯಾವ ಪುಸ್ತಕದಲ್ಲೂ ಇಲ್ಲ, ನಮ್ಮ ಲೈನಿನ ಹೊತ್ತು ನಮಗೇ ಗೊತ್ತು.

ಗಂಟೆಗೆ ಬೇರೆ ರಿಲೇ. 0.6 ಮೀಟರಿಗೆ ಇಳಿದು ಅರ್ಧ ನಿಮಿಷ ಹಾಗೇ ನಿಂತರೆ ಮಾತ್ರ ಹೊಡೀತದೆ. ಆಗ ಇನ್ನೂ 4,800 ಲೀಟರು ಇರ್ತದೆ. ಗಂಟೆ ಕೇಳಿದವರು ಮೊದಲು ಡ್ರಿಪ್ಪಿನ ವಾಲ್ವ್ ಕಟ್ಟಬೇಕು ಅಂತ ಮೂರೂ ಮನೆಯವರು ಮಾತಾಡಿಕೊಂಡಿದ್ದೇವೆ. ಉಳಿದ ನೀರು ಜನಕ್ಕೆ, ದನಕ್ಕೆ ಎರಡು ದಿನ ಸಾಕು. ಮೋಟರು ಎತ್ತಿಸಲು ಜನ ಹುಡುಕುವುದಕ್ಕೆ ಆ ಎರಡು ದಿನ ಬೇಕೇ ಬೇಕು.

ಯಂತ್ರವನ್ನು ಪೈಪಿನಿಂದ ದೂರಕ್ಕೆ ಸರಿಸಿ, ಟ್ಯಾಂಕಿನ ಬಾಯಿಯಿಂದ 30 ಸೆಂಟಿಮೀಟರು ಮೇಲೆ ಕೂರಿಸಿದೆವು. ಮುಖಕ್ಕೆ ತೀರಾ ಹತ್ತಿರ ಬಂದ ನೀರು ಅದಕ್ಕೆ ಕಾಣೋದಿಲ್ಲ. ಹೀಗೆ ಎತ್ತರಿಸಿದ ಮೇಲೆ ಯಂತ್ರದ ಮುಖದಿಂದ ತಳಕ್ಕೆ ಎಷ್ಟು ಅಂತ ಟೇಪು ಬಿಟ್ಟು ಅಳೆದು, 2.8 ಅಂತ ಹೊಸದಾಗಿ ಕೊಡಬೇಕಾಯ್ತು. ಇಲ್ಲದಿದ್ದರೆ ಎಲ್ಲ ಮಟ್ಟವೂ ಒಂದು ಅಡಿ ತಪ್ಪು. ಇನ್ನೊಂದು, ರಿಲೇಯಿಂದ ನೇರ ಮೋಟರಿಗೆ ಕರೆಂಟು ಕೊಡಲೇಬೇಡಿ. ನಮ್ಮದು 5 ಆಂಪಿಯರಿನ ರಿಲೇ, 5 ಎಚ್.ಪಿ. ಮೋಟರು ಓಡುವಾಗಲೇ ಏಳೆಂಟು ಆಂಪಿಯರು ಎಳೀತದೆ. ರಿಲೇ ಸ್ಟಾರ್ಟರಿನ ಕಾಯಿಲನ್ನು ಮಾತ್ರ ಎತ್ತಲಿ.

ಚಳಿಗಾಲದ ಇಬ್ಬನಿ ಮುಖಕ್ಕೆ ಕೂತರೆ, ಜೇಡ ಬಲೆ ಕಟ್ಟಿದರೆ ಶಬ್ದ ವಾಪಸು ಬರೋದಿಲ್ಲ. ಆಗ ಏನು ಮಾಡಬೇಕು ಅಂತಲೂ ಯಂತ್ರ ಕೇಳ್ತದೆ. ಪಂಪು ಬಂದ್ ಮಾಡು ಅಂತ ಕೊಟ್ಟಿದ್ದೇವೆ. ಕರೆಂಟು ಹೋದರೂ ಗಂಟೆ ಹೊಡೆಯುವ ಹಾಗೆ ಬ್ಯಾಟರಿಗೆ ಕಟ್ಟಿ ಅಂತ ಪುಸ್ತಕ ಹೇಳ್ತದೆ. ನಾನು ಒಪ್ಪಲಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಎರಡೆರಡು ದಿನ ಲೈನಿಲ್ಲದ ಊರಿನಲ್ಲಿ ಹಾಗೆ ಕಟ್ಟಿದರೆ ಮತ್ತೆ ಬಟ್ಟೆ ತುರುಕುವ ಕತೆಯೇ. ಅದರ ಬದಲು ಒಂದು ಹಸಿರು ದೀಪ ಹಾಕಿದ್ದೇವೆ, ಯಂತ್ರ ಸರಿ ಇರುವಷ್ಟು ಹೊತ್ತು ಉರೀತದೆ. ಜಗಲಿಯಿಂದ ಕಾಣ್ತದೆ. ಮನೆಯಲ್ಲಿ ಬೆಳಕಿದ್ದೂ ಅದು ಆರಿದ್ದರೆ ಏಣಿ ಹಾಕುವುದು.

ಒಂದೇ ಮನೆಯ ಸಣ್ಣ ಟ್ಯಾಂಕಿಗೆ ಇಷ್ಟೆಲ್ಲ ಬೇಡ. ಫ್ಲೋಟ್ ಸ್ವಿಚ್ ತೊಳೆದು ಇಟ್ಟುಕೊಂಡರೆ ಸಾಕು. ಮೂರು ನಾಲ್ಕು ಮನೆ ಸೇರಿ ಮಾಡುವವರು ಮಾತ್ರ ಮಟ್ಟಗಳನ್ನು ಜೋಡಿಸುವವನ ಕೈಗೆ ಬಿಡದೆ, ಎಲ್ಲರೂ ಎದುರಿಗೆ ಕೂತು ಗೋಡೆ ಮೇಲೆ ಬರೆದಿಡುವುದು ಒಳ್ಳೇದು ಅಂತ ನನ್ನ ಅಭಿಪ್ರಾಯ. ನಮ್ಮ ಟ್ಯಾಂಕಿನ ಮೇಲೆ ಮೂರು ಬಣ್ಣದ ಗೆರೆ ಎಳೆದಿದ್ದೇವೆ.

ಒಂದು ಕೆಲಸ ಬಾಕಿ ಇದೆ. ಟ್ಯಾಂಕಿನ ಮೇಲಿನ ಯಂತ್ರಕ್ಕೆ ಬೋರಿನೊಳಗೆ ನೀರಿದೆಯೋ ಇಲ್ಲವೋ ಕಾಣೋದಿಲ್ಲ. ನೀರಿಲ್ಲದೆ ಮೋಟರು ಓಡಿದರೆ ಕರೆಂಟು ಕಡಿಮೆ ಎಳೆಯುವುದನ್ನು ನೋಡಿ ನಿಲ್ಲಿಸುವ ಡ್ರೈರನ್ ರಿಲೇಯನ್ನು ಈ ಬೇಸಿಗೆಗೆ ಮುಂಚೆ ಹಾಕಿಸಬೇಕು. ಅದನ್ನು ಎಷ್ಟು ಆಂಪಿಯರಿಗೆ ಇಟ್ಟರೆ ಸರಿ, ನಿಂತ ಮೇಲೆ ಎಷ್ಟು ಹೊತ್ತು ಬಿಟ್ಟು ಮತ್ತೆ ಏಳಿಸಬೇಕು? ಹಾಕಿಸಿ ನೋಡಿದವರು ಬರೆಯಿರಿ. ಪಕ್ಕದ ಮನೆಯವರೂ ಕೇಳ್ತಿದ್ದಾರೆ, ಈಗ ಮಾತಾಡ್ತಾರೆ.