ಬಾಕಿ ಬರೆಯಬೇಡಿ, ನಮೂದು ಬರೆಯಿರಿ

ಕಳೆದ ಮಳೆಗಾಲದಲ್ಲಿ ನಮ್ಮ ಅಂಗಡಿಯ ಲೆಕ್ಕದಿಂದ 5,000 ರೂಪಾಯಿ ಕಾಣೆಯಾಯಿತು. ಹಣ ಗಲ್ಲಾದಲ್ಲೇ ಇತ್ತು, ಲೆಕ್ಕದಲ್ಲಿ ಮಾತ್ರ ಇರಲಿಲ್ಲ. ಆದರೆ ಇದು ಗೊತ್ತಾಗುವಷ್ಟರಲ್ಲಿ ಒಬ್ಬ ಪ್ರಾಮಾಣಿಕ ಹುಡುಗನ ಮೇಲೆ ಸಂಶಯ ಬಂದುಬಿಟ್ಟಿತ್ತು. "ಕಾಮರ್ಸ್ ಓದುವವರಿಗೆ ಡೇಟಾಬೇಸ್ ಯಾಕೆ?" ಎಂದು ಕೇಳುವ ಗೆಳೆಯರಿಗೆ ನನ್ನ ಉತ್ತರ ಈ ಘಟನೆಯಲ್ಲೇ ಇದೆ.

ನಮ್ಮದು ಹಾರ್ಡ್‌ವೇರ್ ವ್ಯಾಪಾರ. ಭಟ್ಕಳದ ಅಂಗಡಿಯಲ್ಲಿ ಅಬ್ಬಾ, ಹೊನ್ನಾವರದಲ್ಲಿ ಚಾಚಾ, ಕುಮಟಾದಲ್ಲಿ ಮಾಮೂ ಕೂರುತ್ತಾರೆ. ಪ್ಲಂಬರ್, ಪೇಂಟರ್, ಮೇಸ್ತ್ರಿಗಳು ಕೆಲಸ ಸಿಕ್ಕಿದ ಊರಿನಲ್ಲಿ ಸಾಮಾನು ಉದ್ರಿ ಒಯ್ಯುತ್ತಾರೆ, ಕೈಗೆ ಹಣ ಬಂದಾಗ ಹತ್ತಿರದ ಅಂಗಡಿಯಲ್ಲಿ ಕೊಡುತ್ತಾರೆ. ಮೊದಲು ಮೂರು ಉದ್ರಿ ಪುಸ್ತಕಗಳಿದ್ದವು. ರಾತ್ರಿ ಫೋನಿನಲ್ಲಿ ಓದಿ ಹೇಳಿ ತಾಳೆ ಮಾಡುತ್ತಿದ್ದರು. ಎಂಜಿನಿಯರಿಂಗ್ ಓದುತ್ತಿರುವ ನನ್ನ ಖಾಲಾ ಮಗ, ನಾವೆಲ್ಲ ಭಾಯಿ ಎಂದು ಕರೆಯುವವರು, ಮೂರೂ ಅಂಗಡಿಯ ಹಳೆಯ ಕಂಪ್ಯೂಟರುಗಳಿಗೆ ಉಚಿತವಾಗಿ ಸಿಗುವ ಒಂದು ಕೀ-ವ್ಯಾಲ್ಯೂ ಡೇಟಾಬೇಸ್ ಹಾಕಿಕೊಟ್ಟರು.

ಇದು ಕಷ್ಟದ ವಿಷಯವೇನಲ್ಲ. ರೈಲು ನಿಲ್ದಾಣದಲ್ಲಿ ಬ್ಯಾಗ್ ಇಟ್ಟು ಟೋಕನ್ ಪಡೆಯುತ್ತೇವಲ್ಲ, ಹಾಗೆ. ಟೋಕನ್ ಕೊಟ್ಟರೆ ಬ್ಯಾಗ್ ಬರುತ್ತದೆ. ಟೋಕನ್ನೇ ‘ಕೀ’, ಬ್ಯಾಗೇ ‘ವ್ಯಾಲ್ಯೂ’. ನಮ್ಮಲ್ಲಿ ಗಿರಾಕಿಯ ಫೋನ್ ನಂಬರ್ ಕೀ, ಅವರ ಬಾಕಿ ವ್ಯಾಲ್ಯೂ. ಒಂದೇ ಲೆಕ್ಕದ ಪ್ರತಿ ಮೂರೂ ಕಡೆ ಇರುತ್ತದೆ. ಒಂದು ಕಂಪ್ಯೂಟರ್ ಕೆಟ್ಟರೂ ಉಳಿದೆರಡು ನಡೆಯುತ್ತವೆ. ಮಳೆಗೆ ಕರೆಂಟೂ ನೆಟ್‌ವರ್ಕೂ ಹೋಗುವ ನಮ್ಮ ಕರಾವಳಿಗೆ ಇದಕ್ಕಿಂತ ಒಳ್ಳೆಯದೇನಿದೆ ಎಂದು ಎಲ್ಲರೂ ಖುಷಿಪಟ್ಟೆವು.

ಆ ದಿನ ಹೊನ್ನಾವರದಲ್ಲಿ ಬೆಳಿಗ್ಗೆಯಿಂದ ನೆಟ್‌ವರ್ಕ್ ಇರಲಿಲ್ಲ. 12,400 ರೂಪಾಯಿ ಬಾಕಿಯಿದ್ದ ಪ್ಲಂಬರ್ ಅಣ್ಣ ಅಲ್ಲಿ 5,000 ಕೊಟ್ಟರು. ಕೌಂಟರಿನ ಹುಡುಗ ಬಾಕಿಯನ್ನು 7,400 ಎಂದು ತಿದ್ದಿದ. ಮಧ್ಯಾಹ್ನ ಅದೇ ಅಣ್ಣ ಕುಮಟಾದಲ್ಲಿ 1,800 ರೂಪಾಯಿಯ ಪೈಪು, ನಲ್ಲಿ ಒಯ್ದರು. ಕುಮಟಾದ ಕಂಪ್ಯೂಟರಿಗೆ ಬೆಳಗಿನ ವಿಷಯ ಗೊತ್ತಿರಲಿಲ್ಲ. ಅದು 12,400ಕ್ಕೆ 1,800 ಸೇರಿಸಿ 14,200 ಎಂದು ಬರೆಯಿತು. ಸಂಜೆ ನೆಟ್‌ವರ್ಕ್ ಬಂದಾಗ ಒಂದೇ ಕೀಗೆ ಎರಡು ಉತ್ತರ. ಸಮಯದಲ್ಲಿ ಕೊನೆಯದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡುವುದು ಆ ಡೇಟಾಬೇಸಿನ ನಿಯಮ. 14,200 ಉಳಿಯಿತು. ನಿಜವಾದ ಬಾಕಿ 9,200.

ವಾರದ ನಂತರ ಅಬ್ಬಾ ಬಾಕಿ ಕೇಳಿದಾಗ ಅಣ್ಣ, "ಹೊನ್ನಾವರದಲ್ಲಿ ಐದು ಸಾವಿರ ಕೊಟ್ಟೆನಲ್ಲ ಸಾಹೇಬ್ರೇ" ಎಂದರು. ಕಂಪ್ಯೂಟರಿನಲ್ಲಿ ಜಮಾ ಇಲ್ಲ. ಹಾಗಾದರೆ ಹಣ ಪಡೆದವನು ಯಾರು? ಹುಡುಗನನ್ನು ಯಾರೂ ಬೈಯಲಿಲ್ಲ. ಆದರೆ ಎರಡು ಸಲ ಕೇಳಿದರು. ಎರಡನೆಯ ಸಲ ಕೇಳಿದ್ದೇ ಸಾಕಾಯಿತು, ಮರುದಿನ ಅವನು ಕೆಲಸಕ್ಕೆ ಬರಲಿಲ್ಲ. ಮೂರನೆಯ ದಿನ ಕೌಂಟರ್ ಕೆಳಗಿದ್ದ ಅವನ ರಫ್ ಪುಸ್ತಕ ಚಾಚಾನ ಕೈಗೆ ಸಿಕ್ಕಿತು. ತಾರೀಖು, ಹೆಸರು, 5,000 ಎಲ್ಲವೂ ಅದರಲ್ಲಿತ್ತು. ಅಬ್ಬಾ ಅವನ ಮನೆಗೇ ಹೋಗಿ ಕ್ಷಮೆ ಕೇಳಿದರು. ಸೂರಾ ಅಲ್ ಬಕರಾದ 282ನೇ ಆಯತ್ ಸಾಲವನ್ನು ಬರೆದಿಡಲು ಹೇಳುತ್ತದೆ ಎಂಬುದು ನಮಗೆಲ್ಲ ಗೊತ್ತು. ಬರೆದವನಿಗೆ ತೊಂದರೆಯಾಗಬಾರದು ಎಂಬುದೂ ಅದೇ ಆಯತ್‌ನಲ್ಲಿದೆ. ನಾವು ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತಿದ್ದೆವು.

ತಪ್ಪು ಹುಡುಕಲು ಭಾಯಿ ಜೊತೆ ನಾನೂ ಕುಳಿತೆ. ಕುಮಟಾದ ಕಂಪ್ಯೂಟರಿನ ಗಡಿಯಾರ 20 ನಿಮಿಷ ಮುಂದಿತ್ತು. ಅದೇ ಕಾರಣವೆಂದುಕೊಂಡು ಒಳಗಿನ ಸಣ್ಣ ಬ್ಯಾಟರಿ ಬದಲಿಸಿದೆವು. ಆಮೇಲೆ ಕಾಗದದಲ್ಲಿ ಲೆಕ್ಕ ಹಾಕಿದರೆ, ಗಡಿಯಾರ ಸರಿಯಿದ್ದರೂ ಒಂದು ಬರಹ ಹೋಗಲೇಬೇಕಿತ್ತು. ನಾವು ಏನನ್ನು ಬರೆಯುತ್ತಿದ್ದೆವು ಎಂಬುದರಲ್ಲೇ ದೋಷವಿತ್ತು. ನಾವು ಬರೆದದ್ದು ಬಾಕಿಯನ್ನು, ವ್ಯವಹಾರವನ್ನಲ್ಲ.

ಇದಕ್ಕೆ ಉತ್ತರ ನನ್ನ ಅಕೌಂಟೆನ್ಸಿ ಪಾಠದಲ್ಲಿತ್ತು. ಮೊದಲು ಜರ್ನಲ್, ಆಮೇಲೆ ಲೆಡ್ಜರ್. ಬರೆದದ್ದನ್ನು ಅಳಿಸುವಂತಿಲ್ಲ, ತಪ್ಪಾದರೆ ತಿದ್ದುಪಡಿ ನಮೂದು ಹಾಕಬೇಕು. ಈಗ ನಮ್ಮಲ್ಲಿ ಪ್ರತಿ ವ್ಯವಹಾರಕ್ಕೂ ಅದರದೇ ಕೀ ಇದೆ: ಅಂಗಡಿಯ ಅಕ್ಷರ, ತಾರೀಖು, ಕ್ರಮಸಂಖ್ಯೆ. ಹೊನ್ನಾವರದ ನಮೂದೂ ಕುಮಟಾದ ನಮೂದೂ ಒಂದರ ಮೇಲೊಂದು ಬೀಳುವುದಿಲ್ಲ. ನೆಟ್‌ವರ್ಕ್ ತಡವರಿಸಿ ಒಂದೇ ನಮೂದು ಎರಡು ಸಲ ಬಂದರೂ ಕೀ ಒಂದೇ ಆದ್ದರಿಂದ ಒಂದೇ ಆಗಿ ನಿಲ್ಲುತ್ತದೆ. ಬಾಕಿ ಬೇಕೆಂದಾಗ ಕೂಡಿ ಕಳೆದರಾಯಿತು. ಫೋನ್ ನಂಬರನ್ನೂ ಬಿಟ್ಟೆವು. ಗಲ್ಫ್‌ನಿಂದ ರಜೆಗೆ ಬಂದು ಮನೆ ಕಟ್ಟಿಸುವವರ ನಂಬರ್ ಪ್ರತಿ ಸಲ ಬೇರೆ, ಹೆಸರು ಹಿಡಿದರೆ ಒಂದೇ ಕೇರಿಯಲ್ಲಿ ನಾಲ್ವರು. ಆದ್ದರಿಂದ ಅಂಗಡಿಯೇ ಗಿರಾಕಿಗೆ ಒಂದು ಸಂಖ್ಯೆ ಕೊಡುತ್ತದೆ.

ದೊಡ್ಡವರೂ ಇದೇ ಪ್ರಶ್ನೆಯನ್ನು ಎದುರಿಸಿದ್ದಾರೆ. ಅಮೆಜಾನ್ ಕಂಪನಿಯ ಎಂಜಿನಿಯರುಗಳು 2007ರಲ್ಲಿ ತಮ್ಮ ‘ಡೈನಮೊ’ ಎಂಬ ಕೀ-ವ್ಯಾಲ್ಯೂ ಸಂಗ್ರಹದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಗಿರಾಕಿಯ ಬುಟ್ಟಿಗೆ ಎರಡು ಪ್ರತಿಗಳಾದರೆ ಅದು ಎರಡನ್ನೂ ಇಟ್ಟುಕೊಂಡು ಸೇರಿಸುತ್ತಿತ್ತು. ಹಾಕಿದ ಸಾಮಾನು ಎಂದೂ ಹೋಗದು, ತೆಗೆದ ಸಾಮಾನು ಮಾತ್ರ ಕೆಲವೊಮ್ಮೆ ಮರಳಿ ಬಂದೀತು. ಆ ಪ್ರಬಂಧದ ಲೇಖಕರಲ್ಲೊಬ್ಬರಾದ ಅವಿನಾಶ್ ಲಕ್ಷ್ಮಣ್ ಮುಂದೆ ಪ್ರಶಾಂತ್ ಮಲಿಕ್ ಜೊತೆ ಫೇಸ್‌ಬುಕ್‌ನಲ್ಲಿ ‘ಕಸಾಂಡ್ರಾ’ ಕಟ್ಟಿದರು. ಬುಟ್ಟಿಯಲ್ಲಿ ಒಂದು ಸಾಮಾನು ಹೆಚ್ಚಾದರೆ ಗಿರಾಕಿ ತೆಗೆಯುತ್ತಾನೆ, ಕಡಿಮೆಯಾದರೆ ವ್ಯಾಪಾರ ಹೋಗುತ್ತದೆ. ಇದು ವ್ಯಾಪಾರಿಯ ಲೆಕ್ಕಾಚಾರ.

ಆದರೆ ಎಲ್ಲವನ್ನೂ ಹೀಗೆ ಸೇರಿಸಲಾಗದು. ಉಳಿದಿರುವ ಒಂದೇ ಫೋನನ್ನು ಇಬ್ಬರಿಗೆ ಮಾರಲಾಗುವುದಿಲ್ಲ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2014ರ ಅಕ್ಟೋಬರ್ 6ರಂದು ಮೊದಲ ‘ಬಿಗ್ ಬಿಲಿಯನ್ ಡೇ’ ನಡೆಸಿದಾಗ ತಾಣ ಕುಸಿಯಿತು, ಸಾಮಾನು ಮುಗಿಯಿತು, ಆರ್ಡರುಗಳು ರದ್ದಾದವು. ಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಗಿರಾಕಿಗಳ ಕ್ಷಮೆ ಕೇಳಿದರು. ಅದರ ಕಾರಣಗಳು ಹಲವು. ಆದರೆ ಮಾತು ಕೊಟ್ಟ ಮೇಲೆ ಸಾಮಾನು ಇಲ್ಲವೆನ್ನುವುದು ವ್ಯಾಪಾರಕ್ಕೆ ಎಷ್ಟು ನಷ್ಟವೆಂದು ಅಂದು ಎಲ್ಲರೂ ಕಂಡರು.

ನಮ್ಮ ಅಂಗಡಿಯಲ್ಲಿ ಇಂಥ ಪ್ರಶ್ನೆ ಉದ್ರಿಯ ಮಿತಿಯದು. ಇದಕ್ಕೊಂದು ಉಪಾಯವಿದೆ. ಮೂರರಲ್ಲಿ ಎರಡು ಪ್ರತಿ ಒಪ್ಪಿದರೆ ಮಾತ್ರ ಬರಹ ಆಯಿತೆನ್ನಬೇಕು, ಓದುವಾಗಲೂ ಎರಡನ್ನು ಕೇಳಬೇಕು. ಎರಡಕ್ಕೆ ಎರಡು ಸೇರಿದರೆ ನಾಲ್ಕು, ಅದು ಮೂರಕ್ಕಿಂತ ಹೆಚ್ಚು. ಆದ್ದರಿಂದ ಓದುವ ಎರಡರಲ್ಲಿ ಒಂದಾದರೂ ಹೊಸ ಬರಹವನ್ನು ಕಂಡಿರುತ್ತದೆ. ಆದರೆ ನೆಟ್‌ವರ್ಕ್ ಹೋದ ಅಂಗಡಿ ಒಂಟಿ, ಅದು ಗಿರಾಕಿಯನ್ನು ವಾಪಸ್ ಕಳಿಸಬೇಕಾಗುತ್ತದೆ. ಅಂಗಡಿ ನಿಲ್ಲಬಾರದೆಂದು ಭಾಯಿ ‘ಒಂದು ಸಾಕು’ ಎಂದು ಇಟ್ಟಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಆದರೆ ಅಬ್ಬಾನನ್ನು ಕೇಳಿರಲಿಲ್ಲ, ಕೇಳಬೇಕಾದ ಪ್ರಶ್ನೆಯೆಂದು ನಮಗಾರಿಗೂ ಹೊಳೆದಿರಲಿಲ್ಲ. ಈಗ ಕೇಳಿದೆವು. ಅಬ್ಬಾ ಎರಡೇ ನಿಮಿಷದಲ್ಲಿ ಹೇಳಿದರು: "ಹಣ ಕೊಡಲು ಬಂದವರನ್ನು ಯಾವಾಗಲೂ ತೆಗೆದುಕೊಳ್ಳಿ. 2,000ದವರೆಗೆ ಉದ್ರಿ ಕೊಡಿ. ಅದಕ್ಕಿಂತ ಹೆಚ್ಚಾದರೆ ಇನ್ನೊಂದು ಅಂಗಡಿ ಹೂಂ ಅನ್ನಲಿ." ಮೂರೂ ಕಡೆ ನೆಟ್‌ವರ್ಕ್ ಹೋದರೆ ಒಬ್ಬರಿಗೆ 6,000ದವರೆಗೆ ಉದ್ರಿ ಹೋಗಬಹುದು ಎಂದೆ. "ಅಷ್ಟು ನಂಬಿಕೆ ಇಲ್ಲದಿದ್ದರೆ ಅಂಗಡಿ ಯಾಕೆ ಇಡಬೇಕು?" ಎಂದರು.

ನನ್ನ ಅಭಿಪ್ರಾಯ ಇಷ್ಟೇ. ಸಂಪರ್ಕ ಕಡಿದಾಗ ಏನು ಮಾಡಬೇಕು ಎಂಬುದು ಕಂಪ್ಯೂಟರಿನವರು ಮಾತ್ರ ತೀರ್ಮಾನಿಸುವ ವಿಷಯವಲ್ಲ. ಯಾವ ತಪ್ಪು ಸಹಿಸಬಹುದು, ಯಾವುದನ್ನು ಸಹಿಸಲಾಗದು ಎಂದು ಲೆಕ್ಕ ತಿಳಿದವರು ಹೇಳಬೇಕು. ನಮ್ಮ ಕಂಪ್ಯೂಟರ್ ಸೈನ್ಸ್ ಪಾಠದಲ್ಲಿ ಎಸ್‌ಕ್ಯುಎಲ್ ಬರುತ್ತದೆ, ಅಕೌಂಟೆನ್ಸಿಯಲ್ಲಿ ಜರ್ನಲ್ ಬರುತ್ತದೆ. ಎರಡೂ ಒಂದೇ ಕೋಣೆಯಲ್ಲಿ ಭೇಟಿಯಾಗುವುದಿಲ್ಲ. ಈ ವರ್ಷ ಸೈನ್ಸ್ ಮತ್ತು ಕಾಮರ್ಸ್ ವಿಭಾಗಗಳು ಸೇರಿ ಒಂದು ಪ್ರಾಜೆಕ್ಟ್ ಮಾಡಲಿ ಎಂದು ನಮ್ಮ ಉಪನ್ಯಾಸಕರಲ್ಲಿ ವಿನಂತಿಸುತ್ತೇನೆ. ಕ್ಯಾಂಟೀನಿನ ಲೆಕ್ಕದಿಂದಲೇ ಶುರುಮಾಡಬಹುದು.

ಆ ಹುಡುಗ ಮರಳಿ ಬಂದಿದ್ದಾನೆ. ರಫ್ ಪುಸ್ತಕ ಬರೆಯುವುದನ್ನು ಮಾತ್ರ ಬಿಟ್ಟಿಲ್ಲ. ಬಿಡು ಎಂದು ಅವನಿಗೆ ನಾವ್ಯಾರೂ ಹೇಳಿಲ್ಲ.