ಬ್ಯಾಂಕ್ ಕಂಪ್ಯೂಟರ್ ಬದಲಾದರೆ ಹಳೆಯ ದಾಖಲೆ ಅಳಿಸಿಹೋಗುತ್ತದೆಯೇ?

"ಬ್ಯಾಂಕಿನ ಕಂಪ್ಯೂಟರ್ ವ್ಯವಸ್ಥೆ ಬದಲಾಗುತ್ತಿದೆ. ಲಿಂಕ್ ಒತ್ತಿ ಒಟಿಪಿ ಕೊಡದಿದ್ದರೆ ನಿಮ್ಮ ಹಳೆಯ ದಾಖಲೆ ಅಳಿಸಿಹೋಗುತ್ತದೆ." ಇಂಥ ಸಂದೇಶ ನಿಮಗೂ ಬಂದಿರಬಹುದು. ಮೈಸೂರಿನ ಉದಯಗಿರಿಯಲ್ಲಿರುವವರು ಇದನ್ನು ನಂಬಿದರೆ ಆಶ್ಚರ್ಯವಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐ ಜೊತೆ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕ್ ಜೊತೆ ವಿಲೀನವಾದದ್ದನ್ನು ನಾವೆಲ್ಲ ಕಂಡಿದ್ದೇವೆ. ದಾಖಲೆಗಳು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋಗುವುದು ನಿಜ. ಅದಕ್ಕೆ ನಿಮ್ಮ ಒಟಿಪಿ ಬೇಕೆಂಬುದು ಸುಳ್ಳು.

ದಾಖಲೆ ಹೇಗೆ ಬದಲಾಗುತ್ತದೆ?

ಒಂದು ಉದಾಹರಣೆ ನೋಡೋಣ. ಐಬಿಎಂ ಕಂಪನಿ 1988ರಲ್ಲಿ ತಂದ ಎಎಸ್/400 ಕಂಪ್ಯೂಟರಿನಲ್ಲಿ ಒಂದೇ ಫೈಲಿನೊಳಗೆ ಹಲವು 'ಮೆಂಬರ್'ಗಳನ್ನು ಇಡಬಹುದಿತ್ತು. ಒಂದು ಬೀರುವಿನಲ್ಲಿ ತಿಂಗಳಿಗೊಂದು ಲೆಡ್ಜರ್ ಇಟ್ಟ ಹಾಗೆ. ಇಂದಿನ ಎಸ್‌ಕ್ಯೂಎಲ್ ಟೇಬಲ್‌ಗಳಲ್ಲಿ ಸಾಮಾನ್ಯವಾಗಿ ಹೀಗೆ ಇಡುವುದಿಲ್ಲ. ಎಲ್ಲವೂ ಒಂದೇ ಉದ್ದದ ಪಟ್ಟಿ.

ಬದಲಾಯಿಸುವಾಗ ಎರಡು ಅಪಾಯಗಳಿವೆ. ಬೇರೆ ಸೂಚನೆ ಕೊಡದಿದ್ದರೆ ಆ ಕಂಪ್ಯೂಟರಿನಲ್ಲಿ ಎಸ್‌ಕ್ಯೂಎಲ್ ಮೊದಲ ಮೆಂಬರನ್ನಷ್ಟೇ ಓದುತ್ತದೆ. ಜನವರಿ ಬರುತ್ತದೆ, ಉಳಿದ 11 ತಿಂಗಳು ಹಿಂದೆಯೇ ಉಳಿಯುತ್ತವೆ. ಇನ್ನೊಂದು, ತಿಂಗಳ ಹೆಸರು ಮೆಂಬರಿನ ಹೆಸರಿನಲ್ಲಿ ಮಾತ್ರ ಇದ್ದರೆ, ಹೊಸ ಪಟ್ಟಿಯಲ್ಲಿ ಯಾವ ಸಾಲು ಯಾವ ತಿಂಗಳದ್ದು ಎಂದು ತಿಳಿಯುವುದಿಲ್ಲ. ಅದಕ್ಕೇ ಪ್ರತಿ ಮೆಂಬರನ್ನೂ ಪ್ರತ್ಯೇಕವಾಗಿ ನಕಲು ಮಾಡಿ, 'ತಿಂಗಳು' ಎಂಬ ಹೊಸ ಕಾಲಂ ಸೇರಿಸಬೇಕು. ಕೊನೆಗೆ ಎರಡೂ ಕಡೆಯ ಸಾಲುಗಳ ಸಂಖ್ಯೆ ಮತ್ತು ಹಣದ ಒಟ್ಟು ಮೊತ್ತವನ್ನು ತಾಳೆ ನೋಡಬೇಕು. ತಾಳೆಯಾಗುವವರೆಗೆ ಹಳೆಯ ಫೈಲನ್ನು ಅಳಿಸಬಾರದು.

ಇದೆಲ್ಲ ತಂತ್ರಜ್ಞರ ಕೆಲಸ. ಒಟಿಪಿ ಇರುವುದು ನಿಮ್ಮ ವ್ಯವಹಾರಕ್ಕೆ ನೀವೇ ಒಪ್ಪಿಗೆ ಕೊಡಲು. ಅದನ್ನು ಕೇಳುವವರಿಗೆ ಬೇಕಿರುವುದು ದಾಖಲೆಯಲ್ಲ, ನಿಮ್ಮ ಹಣ.

ನೀವೇನು ಮಾಡಬೇಕು?

ವಿಲೀನದ ನಂತರ ಕೆಲವು ವಿವರಗಳು ನಿಜವಾಗಿಯೂ ಬದಲಾಗುತ್ತವೆ. ಸಿಂಡಿಕೇಟ್ ಶಾಖೆಗಳ 'ಎಸ್‌ವೈಎನ್‌ಬಿ' ಎಂದು ಶುರುವಾಗುವ ಐಎಫ್‌ಎಸ್‌ಸಿ ಕೋಡ್‌ಗಳು 2021ರ ಜೂನ್ 30ರವರೆಗೆ ಮಾತ್ರ ನಡೆದವು. ಆಮೇಲೆ 'ಸಿಎನ್‌ಆರ್‌ಬಿ' ಬಂತು. ಇಂಥ ಬದಲಾವಣೆಯನ್ನು ಬ್ಯಾಂಕುಗಳು ಬಹಿರಂಗವಾಗಿ ಪ್ರಕಟಿಸುತ್ತವೆ.

ಪಾಸ್‌ಬುಕ್ ಎಂಟ್ರಿ ಮಾಡಿಸಿ. ಹೆಸರು, ನಾಮಿನಿ, ಠೇವಣಿಯ ವಿವರ ಸರಿಯಿದೆಯೇ ಎಂದು ಶಾಖೆಯಲ್ಲೇ ಕೇಳಿ. ಹಳೆಯ ಪಾಸ್‌ಬುಕ್ ಎಸೆಯಬೇಡಿ, ತಪ್ಪು ಕಂಡರೆ ಅದೇ ಪುರಾವೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ. ಲಿಂಕ್ ಇರುವ ಆ ಸಂದೇಶವನ್ನು ಮಾತ್ರ ಫಾರ್ವರ್ಡ್ ಮಾಡಬೇಡಿ.