ದವಡೆ ಹಲ್ಲು ಯಾರಿಗೆ ಕಾಣಬೇಕು?

ಮುಂದಿನ ಹಲ್ಲಿನ ತುದಿ ಎಳ್ಳಿನಷ್ಟು ಮುರಿದರೂ ದಂತವೈದ್ಯರಲ್ಲಿಗೆ ಓಡುವ ನಾವು, ಹಿಂದಿನ ದವಡೆ ಹಲ್ಲು ಹುಳುಕಾಗಿ ಅರ್ಧ ಕುಸಿದಾಗ ಹೇಳುವ ಮಾತೇ ಬೇರೆ: “ಕಿತ್ತುಬಿಡಿ ಡಾಕ್ಟ್ರೇ, ಅದು ಯಾರಿಗೆ ಕಾಣಬೇಕು?” ಕೀಳಿಸುವುದಕ್ಕೆ ಖರ್ಚು ಕಡಿಮೆ, ನೋವೂ ಅಂದಿಗೆ ಮುಗಿಯಿತು. ಬಾಯಿ ತುಂಬ ಹಲ್ಲಿವೆ, ಒಂದು ಹೋದರೇನಂತೆ ಎಂದು ಮನೆಯ ಹಿರಿಯರೂ ಸಮಾಧಾನ ಹೇಳುತ್ತಾರೆ. ಈ ಲೆಕ್ಕಾಚಾರವೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಹಲ್ಲಿಗಾಗಿ ತೆಗೆದಿಡಲು ನಿಮ್ಮಲ್ಲಿರುವುದು ಸ್ವಲ್ಪವೇ ಹಣವಾದರೆ, ಅದನ್ನು ಮೊದಲು ಆ ಕಾಣದ ಹಲ್ಲಿಗೇ ಹಾಕಿ.

ಮುಂದಿನ ಹಲ್ಲುಗಳು ಕಚ್ಚುತ್ತವೆ, ಕತ್ತರಿಸುತ್ತವೆ. ಅರೆಯುವ ಕೆಲಸವೆಲ್ಲ ದವಡೆ ಹಲ್ಲುಗಳದ್ದು. ಅವಿಲ್ಲದೆ ಮುದ್ದೆಯನ್ನಾದರೆ ನುಂಗಬಹುದು, ಜೋಳದ ಖಡಕ್ ರೊಟ್ಟಿಯನ್ನು ಏನು ಮಾಡುತ್ತೀರಿ? ಇವುಗಳಲ್ಲಿ ಮೊದಲನೆಯದು ಸುಮಾರು ಆರನೇ ವರ್ಷಕ್ಕೆ, ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಹುಟ್ಟುತ್ತದೆ. ಅದನ್ನೂ ಹಾಲುಹಲ್ಲೆಂದೇ ತಿಳಿದು, ಹೇಗೂ ಬಿದ್ದು ಹೊಸದು ಬರುತ್ತದೆ ಎಂದು ಹುಳುಕನ್ನು ಹಾಗೇ ಬಿಡುವ ತಂದೆ ತಾಯಂದಿರು ಬಹಳ. ಅದು ಬೀಳುವ ಹಲ್ಲಲ್ಲ. ಹೋದರೆ ಇನ್ನೊಂದು ಬರುವುದೂ ಇಲ್ಲ. ಇಂದು ರಾತ್ರಿ ಮಗುವಿನ ಬಾಯಿ ತೆರೆಸಿ, ನಡುವಿನಿಂದ ಹಿಂದಕ್ಕೆ ಎಣಿಸಿ ನೋಡಿ. ಆರನೆಯದೇ ಆ ಹಲ್ಲು.

ಕಿತ್ತ ಮೇಲೆ ಏನಾಗುತ್ತದೆ? ಬೇಲಿ ಹಾಕದ ಖಾಲಿ ಸೈಟಿಗೆ ಏನಾಗುತ್ತದೋ ಅದೇ. ಅಕ್ಕಪಕ್ಕದವರು ಒತ್ತುವರಿ ಮಾಡುತ್ತಾರೆ. ಹಿಂದಿನ ಹಲ್ಲು ಖಾಲಿ ಜಾಗದತ್ತ ವಾಲುತ್ತದೆ. ಎದುರು ದವಡೆಯ ಹಲ್ಲು, ತನ್ನನ್ನು ತಡೆಯುವವರಿಲ್ಲದೆ, ನಿಧಾನವಾಗಿ ಆ ಸಂದಿಗೆ ಇಳಿಯುತ್ತದೆ. ವಾಲಿದ ಹಲ್ಲುಗಳ ಸಂದಿನಲ್ಲಿ ಆಹಾರ ಸಿಕ್ಕಿ ಹೊಸ ಹುಳುಕು ಶುರುವಾಗುತ್ತದೆ, ಒಸಡು ಊದುತ್ತದೆ. ಕೆಲವು ವರ್ಷಗಳ ನಂತರ ಹಲ್ಲು ಕಟ್ಟಿಸೋಣವೆಂದು ಹೋದರೆ ಕಟ್ಟುವುದಕ್ಕೆ ಜಾಗವೇ ಉಳಿದಿರುವುದಿಲ್ಲ.

ಆದ್ದರಿಂದ ಬೇರು ಗಟ್ಟಿಯಾಗಿರುವವರೆಗೆ ಹಲ್ಲನ್ನು ಉಳಿಸಿಕೊಳ್ಳುವುದೇ ಲೇಸು. ರೂಟ್ ಕೆನಾಲ್ ಚಿಕಿತ್ಸೆಯನ್ನು ಈಗ ಬಹಳ ಮಂದಿ ಮಾಡಿಸಿಕೊಳ್ಳುತ್ತಾರೆ. ಆದರೆ ನೋವು ನಿಂತ ಕೂಡಲೇ ದಂತವೈದ್ಯರ ವಿಳಾಸ ಮರೆಯುತ್ತಾರೆ! ಕ್ಯಾಪ್ ಹಾಕಿಸಿ ಎಂದರೆ ಡಾಕ್ಟರಿಗೆ ದುಡ್ಡಿನಾಸೆ ಎಂಬ ಗುಮಾನಿ. ಹುಳುಕು ತೆಗೆದು, ಒಳಗೆ ದಾರಿ ಕೊರೆದ ಮೇಲೆ ಆ ಹಲ್ಲಿನಲ್ಲಿ ಉಳಿಯುವುದು ತೆಳುವಾದ ಗೋಡೆಗಳು ಮಾತ್ರ. ಒಂದು ದಿನ ಚಕ್ಕುಲಿ ಕಡಿದಾಗ ಅದು ಬೇರಿನವರೆಗೂ ಸೀಳಿತೆಂದರೆ ಕೀಳದೆ ವಿಧಿಯಿಲ್ಲ. ರೂಟ್ ಕೆನಾಲಿಗೆ ಕೊಟ್ಟ ಹಣವೂ ನೀರಿನಲ್ಲಿ ಹೋಮ.

ಕ್ಯಾಪ್ ಎಂದರೆ ಹಲ್ಲಿನ ಸುತ್ತ ಸುಮಾರು ಒಂದರಿಂದ ಒಂದೂವರೆ ಮಿಲಿಮೀಟರು ಸವೆಸಿ, ಅಚ್ಚು ತೆಗೆದು, ಲ್ಯಾಬಿನಲ್ಲಿ ಮಾಡಿಸಿ ಅಂಟಿಸುವ ಟೊಪ್ಪಿಗೆ. ಬರಿ ಲೋಹದ್ದು, ಲೋಹದ ಮೇಲೆ ಪಿಂಗಾಣಿ ಹೊದಿಸಿದ್ದು, ಜಿರ್ಕೋನಿಯಾದ್ದು ಎಂದು ಬಗೆಗಳಿವೆ, ದರವೂ ಹಾಗೆಯೇ ಏರುತ್ತದೆ. ಕೊನೆಯ ದವಡೆ ಹಲ್ಲಿಗೆ ಬರಿ ಲೋಹದ ಕ್ಯಾಪ್ ಸಾಕು ಎಂದರೆ ಕೆಲವರಿಗೆ ಅವಮಾನವಾಗುತ್ತದೆ. ಅದಕ್ಕೆ ಹಲ್ಲನ್ನು ಸವೆಸಬೇಕಾದ್ದು ಕಡಿಮೆ, ಪಿಂಗಾಣಿಯಂತೆ ಚಕ್ಕೆ ಏಳುವ ಭಯವಿಲ್ಲ, ಹಣವೂ ಉಳಿಯುತ್ತದೆ. ಆದರೆ ಕೃತಕ ಒಡವೆ ಹಾಕಿದರೆ ಮೈ ತುರಿಸುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಅಗ್ಗದ ಲೋಹದಲ್ಲಿ ನಿಕ್ಕಲ್ ಇರುವುದುಂಟು.

ಹಲ್ಲು ಹೋಗಿಯೇ ಬಿಟ್ಟಿದ್ದರೆ ಬ್ರಿಜ್ ಕಟ್ಟಿಸುವ ಮಾತು ಬರುತ್ತದೆ. ಇಲ್ಲಿ ನಿಮ್ಮ ಒಪ್ಪಿಗೆ ಆತುರದ್ದಾಗದಿರಲಿ. ಒಂದು ಹಲ್ಲಿನ ಜಾಗ ತುಂಬಲು ಆಚೀಚಿನ ಎರಡು ಹಲ್ಲುಗಳನ್ನು ಕಂಬಗಳನ್ನಾಗಿ ಮಾಡಿ ಸವೆಸಬೇಕಾಗುತ್ತದೆ. ದಂತಕವಚ ಅಂದರೆ ಎನಾಮಲ್, ದೇಹದಲ್ಲೇ ಅತ್ಯಂತ ಗಟ್ಟಿ ವಸ್ತು. ಒಮ್ಮೆ ಸವೆಸಿದರೆ ಮತ್ತೆ ಬೆಳೆಯದು. ಆ ಎರಡು ಹಲ್ಲುಗಳಲ್ಲಿ ಆಗಲೇ ದೊಡ್ಡ ಫಿಲ್ಲಿಂಗ್ ಇದ್ದರೆ ಬ್ರಿಜ್ ಅವಕ್ಕೂ ರಕ್ಷಣೆ, ಧಾರಾಳವಾಗಿ ಕಟ್ಟಿಸಿ. ಎರಡಕ್ಕೂ ಒಂದು ಕಲೆಯೂ ಇಲ್ಲವೆಂದರೆ, “ಇವನ್ನು ಮುಟ್ಟದೆ ಆಗದೇ?” ಎಂದು ಕೇಳಿ. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ರೋಗಿಯೊಬ್ಬರ ದವಡೆಯಲ್ಲಿ ಟೈಟೇನಿಯಂ ಬೇರು ನೆಟ್ಟು ತೋರಿಸಿದ ಮೇಲೆ ಇಂಪ್ಲಾಂಟ್ ಎಂಬ ದಾರಿ ತೆರೆದಿದೆ. ಅದು ದುಬಾರಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ಬೀಡಿ ಸಿಗರೇಟು ಬಿಡಬೇಕು. ಆದರೂ ಕೇಳಿ ತಿಳಿಯುವುದರಲ್ಲಿ ನಷ್ಟವಿಲ್ಲ.

ಇಷ್ಟೆಲ್ಲ ಸಾಮಾನ್ಯ ಸಂಸಾರಸ್ಥರ ಕೈಗೆಟಕುತ್ತದೆಯೇ ಎಂದು ನೀವು ಕೇಳುವುದು ನ್ಯಾಯ. ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡಲು ಕರ್ನಾಟಕ ಸರ್ಕಾರ 2014ರಲ್ಲಿ ‘ದಂತಭಾಗ್ಯ’ ಯೋಜನೆ ತಂದಿತು. ಒಳ್ಳೆಯ ಕೆಲಸವೇ. ಆದರೆ ಹಲ್ಲೆಲ್ಲ ಹೋದ ಮೇಲೆ ಸೆಟ್ಟು ಕೊಡುವ ಉದಾರತೆಯಲ್ಲಿ ಒಂದು ಪಾಲನ್ನಾದರೂ ಇರುವ ಹಲ್ಲಿಗೆ ಕ್ಯಾಪ್ ಹಾಕಿಸಲು ತೋರಬೇಕು. ಸದ್ಯಕ್ಕೆ ನಮ್ಮ ರಾಜ್ಯದಲ್ಲಿ ದಂತವೈದ್ಯ ಕಾಲೇಜುಗಳಿಗೆ ಕೊರತೆಯಿಲ್ಲ. ಅಲ್ಲಿ ಅಧ್ಯಾಪಕರ ಉಸ್ತುವಾರಿಯಲ್ಲಿ ವಿದ್ಯಾರ್ಥಿಗಳು ಕಡಿಮೆ ಖರ್ಚಿನಲ್ಲಿ ಈ ಕೆಲಸ ಮಾಡುತ್ತಾರೆ. ನಾಲ್ಕು ಸಲ ಹೆಚ್ಚಿಗೆ ಓಡಾಡಬೇಕಾಗಬಹುದು, ಅಷ್ಟೆ. ಸಂತೆಯಲ್ಲೋ ಬಸ್‌ಸ್ಟ್ಯಾಂಡ್ ಪಕ್ಕದಲ್ಲೋ ಅರ್ಧ ಗಂಟೆಯಲ್ಲಿ ‘ಫಿಕ್ಸ್ ಹಲ್ಲು’ ಕೂರಿಸುವವರ ಬಳಿ ಮಾತ್ರ ಹೋಗಬೇಡಿ. ಅವರು ತಂತಿ ಸುತ್ತಿ, ಅಕ್ರಿಲಿಕ್ ಹಿಟ್ಟನ್ನು ಒಸಡಿನ ಮೇಲೇ ಮೆತ್ತುತ್ತಾರೆ. ಅದರಡಿ ತೊಳೆಯಲಾಗದೆ ಒಸಡು ಕೊಳೆತು ಪಕ್ಕದ ಗಟ್ಟಿ ಹಲ್ಲುಗಳೂ ಅಲುಗಾಡುತ್ತವೆ.

ಬ್ರಿಜ್ ಕಟ್ಟಿಸಿಕೊಂಡವರು ಅದರಡಿಯ ಸಂದಿಯನ್ನು ಚೊಕ್ಕಟ ಮಾಡುವುದನ್ನು ದಂತವೈದ್ಯರಿಂದಲೇ ಕಲಿತುಕೊಳ್ಳಿ. ಅದಕ್ಕೆಂದೇ ಸಣ್ಣ ಬ್ರಷ್ಷು, ದಾರ ಸಿಗುತ್ತವೆ. ಲೋಹಕ್ಕೆ ಹುಳುಕು ಹಿಡಿಯದು, ಅದರ ಅಂಚಿನಲ್ಲಿರುವ ಹಲ್ಲಿಗೆ ಹಿಡಿಯುತ್ತದೆ. ಕ್ಯಾಪ್ ಎಂದಾದರೂ ಕಳಚಿ ಬಂದರೆ ಎಸೆಯಬೇಡಿ, ಮನೆಯಲ್ಲಿರುವ ಗೋಂದಿನಿಂದ ಅಂಟಿಸಿಕೊಳ್ಳಲೂ ಬೇಡಿ. ತೊಳೆದು ಡಬ್ಬಿಯಲ್ಲಿಟ್ಟು, ಒಂದೆರಡು ದಿನದೊಳಗೆ ವೈದ್ಯರ ಬಳಿ ಒಯ್ಯಿರಿ. ಒಳಗಿನ ಹಲ್ಲು ಚೆನ್ನಾಗಿದ್ದರೆ ಎಷ್ಟೋ ಸಲ ಅದನ್ನೇ ಮತ್ತೆ ಕೂರಿಸಬಹುದು.